ಸೀಟಿನ ಕೆಳಗಿನ ಟಕ್ ಟಕ್

ಓಮ್ನಿ ಓಡಿಸುವವನು ಎಂಜಿನ್ ಮೇಲೆಯೇ ಕೂತಿರುತ್ತಾನೆ. ಬೇರೆ ಕಾರುಗಳಲ್ಲಿ ಎಂಜಿನ್ ಮುಂದೆ ಬಾನೆಟ್ಟಿನೊಳಗೆ ಇರುತ್ತದೆ, ನಡುವೆ ಒಂದು ತಗಡಿನ ಗೋಡೆ ಬೇರೆ. ಓಮ್ನಿಯಲ್ಲಿ ಹಾಗಿಲ್ಲ. ಮುಂದಿನ ಸೀಟು ಎತ್ತಿದರೆ ಸಾಕು, ಎಂಜಿನ್ ಕಾಣುತ್ತದೆ. ಬೇಸಿಗೆಯಲ್ಲಿ ಶಿರಾದಿಂದ ತುಮಕೂರಿಗೆ ಹೋಗಿಬಂದರೆ ತೊಡೆ ಬೆಂದಿರುತ್ತದೆ. ಅದರ ಒಂದು ಲಾಭವೇನೆಂದರೆ, ಎಂಜಿನ್‌ನಲ್ಲಿ ಹುಟ್ಟಿದ ಹೊಸ ಸದ್ದು ಮೊದಲು ಮುಟ್ಟುವುದು ಕಿವಿಗಲ್ಲ, ಕೂತ ಜಾಗಕ್ಕೆ.

ಹುಲಿಕುಂಟೆ ಹೋಬಳಿಯ ನಮ್ಮ ಊರಲ್ಲಿ ಈಗ ಕಾರುಗಳಿಗೆ ಬರವಿಲ್ಲ. ಬೆಂಗಳೂರಲ್ಲಿ ಕೆಲಸಕ್ಕಿರುವ ಹುಡುಗರು ಹಬ್ಬಕ್ಕೆ ಬಂದಾಗ ದೇವಸ್ಥಾನದ ಮುಂದೆ ಸಾಲಾಗಿ ನಿಲ್ಲಿಸಿರುತ್ತಾರೆ. ಹಬ್ಬ ಮುಗಿದ ಮಾರನೇ ದಿನ ಊರಲ್ಲಿ ಉಳಿಯುವುದು ಎರಡೋ ಮೂರೋ. ಅದರಲ್ಲಿ ನಮ್ಮ ಚಿಕ್ಕಪ್ಪನ 2007ರ ಓಮ್ನಿಯೂ ಒಂದು. ರಾತ್ರಿ ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ, ಆಂಬುಲೆನ್ಸ್ ಬರುವುದು ತಡವಾದರೆ ಜನ ಬಂದು ತಟ್ಟುವುದು ಚಿಕ್ಕಪ್ಪನ ಬಾಗಿಲನ್ನೇ. ಪೆಟ್ರೋಲ್ ಹಾಕಿಸಿದರೆ ಆಯಿತು, ಬಾಡಿಗೆ ಕೇಳುವ ಅಭ್ಯಾಸ ಅವನಿಗಿಲ್ಲ.

ಎರಡು ವರ್ಷದಿಂದ ಆ ಗಾಡಿಗೆ ಒಂದು ಕಾಯಂ ಕೆಲಸವೂ ಇದೆ. ನಮ್ಮ ದೊಡ್ಡಮ್ಮನಿಗೆ ಕಿಡ್ನಿ ಕೈಕೊಟ್ಟಿದೆ. ಮಂಗಳವಾರ ಮತ್ತು ಶುಕ್ರವಾರ ತುಮಕೂರಿನಲ್ಲಿ ಡಯಾಲಿಸಿಸ್. ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಿ ಎದ್ದಾಗ ಬಿಪಿ ಇಳಿದಿರುತ್ತದೆ, ಕಾಲು ಹಿಡಿದುಕೊಂಡಿರುತ್ತವೆ. ಹೋಗುವಾಗ ಬಸ್ಸಿನಲ್ಲಿ ಹೋಗಬಹುದೇನೋ, ಬರುವಾಗ ಸಾಧ್ಯವೇ ಇಲ್ಲ. ಓಮ್ನಿಯ ಹಿಂದಿನ ಸೀಟಿಗೆ ಅಡ್ಡಲಾಗಿ ಒಂದು ಕೌದಿ ಹಾಸಿ, ದಿಂಬು ಇಟ್ಟು ಮಲಗಿಸಿಕೊಂಡು ಬರುತ್ತೇವೆ. ಬಾಡಿಗೆ ಕಾರಿಗೆ ಒಂದು ಸಲಕ್ಕೆ ಎರಡೂವರೆ ಸಾವಿರ ಕೇಳುತ್ತಾರೆ. ವಾರಕ್ಕೆ ಎರಡು ಸಲ ಅಂದರೆ ತಿಂಗಳಿಗೆ ಎಷ್ಟಾಯಿತು ಎಂದು ನೀವೇ ಲೆಕ್ಕ ಹಾಕಿ. ಕಡ್ಲೆಕಾಯಿ ನಂಬಿದ ಮನೆಯಲ್ಲಿ ಅಷ್ಟು ದುಡ್ಡು ಹುಟ್ಟುವುದಿಲ್ಲ.

ಹೋದ ಬೇಸಿಗೆಯಲ್ಲಿ ಆ ಎಂಜಿನ್ ಸದ್ದು ಮಾಡಲು ಶುರುಮಾಡಿತು.

ಮೊದಮೊದಲು ಅದು ಹೊಲಿಗೆ ಯಂತ್ರದ ಸದ್ದಿನಂತೆ ಇತ್ತು. ಟಿಕ್ ಟಿಕ್ ಟಿಕ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇರುತ್ತಿರಲಿಲ್ಲ. ಶಿರಾ ದಾಟಿ ಹೈವೇ ಹತ್ತಿ ಕಳ್ಳಂಬೆಳ್ಳದ ಹತ್ತಿರ ಬರುವಾಗ ಕೇಳಿಸುತ್ತಿತ್ತು. ಹದಿನೈದು ದಿನಕ್ಕೆ ಟಿಕ್ ಹೋಗಿ ಟಕ್ ಆಯಿತು. ಆಮೇಲೊಂದು ಶುಕ್ರವಾರ ಹೈವೇಯಲ್ಲೇ ಆಯಿಲ್ ದೀಪ ಒಂದು ಸಲ ಮಿಣುಕಿತು. ಆ ಕೆಂಪು ದೀಪ ಗೊತ್ತಲ್ಲ, ಎಣ್ಣೆ ಕೊಡದಂತೆ ಒಂದು ಹನಿ ತೊಟ್ಟಿಕ್ಕುವ ಚಿತ್ರ. ಚಿಕ್ಕಪ್ಪ ಗಾಡಿ ಪಕ್ಕಕ್ಕೆ ಹಾಕಿ, ಸೀಟು ಎತ್ತಿ, ಕಡ್ಡಿ ಎಳೆದು ನೋಡಿದ. ಆಯಿಲ್ ಮೇಲಿನ ಗೆರೆವರೆಗೂ ಇತ್ತು. ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದರೆ ದೀಪವೂ ಇಲ್ಲ, ಸದ್ದೂ ಇಲ್ಲ.

ಆ ದೀಪದ ಬಗ್ಗೆ ಎರಡು ಮಾತು ಹೇಳಲೇಬೇಕು. ಬಹಳ ಜನ ಅದನ್ನು ಆಯಿಲ್ ಕಡಿಮೆಯಾಗಿದೆ ಎಂದು ಹೇಳುವ ದೀಪ ಅಂದುಕೊಂಡಿದ್ದಾರೆ. ಅದು ಆಯಿಲ್ ಎಷ್ಟಿದೆ ಎಂದು ನೋಡುವುದೇ ಇಲ್ಲ. ಎಂಜಿನ್ ಬ್ಲಾಕಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಒಂದು ಸ್ವಿಚ್ ಇದೆ. ಒಳಗಿನ ಎಣ್ಣೆಯ ಒತ್ತಡ ನಾಲ್ಕೈದು ಪಿಎಸ್ಐಗಿಂತ ಕೆಳಗೆ ಬಿದ್ದರೆ ಆ ಸ್ವಿಚ್ ದೀಪ ಹಚ್ಚುತ್ತದೆ, ಅಷ್ಟೇ. ಹೈವೇಯಲ್ಲಿ ಓಡುವ ಎಂಜಿನ್‌ಗೆ ಮೂವತ್ತು ನಲವತ್ತು ಪಿಎಸ್ಐ ಬೇಕು. ಅದು ಆರಕ್ಕೆ ಇಳಿದಿದ್ದರೂ ದೀಪ ಆರಿಯೇ ಇರುತ್ತದೆ. ಅಂದರೆ ದೀಪ ಹತ್ತಿಲ್ಲ ಎಂದರೆ ಎಲ್ಲ ಸರಿಯಾಗಿದೆ ಎಂದರ್ಥವಲ್ಲ. ಹತ್ತಿತು ಎಂದರೆ ಮಾತ್ರ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು, ಮುಂದಿನ ಊರಿನವರೆಗೆ ಎಂದು ಹೋಗಬಾರದು. ಟ್ರ್ಯಾಕ್ಟರಿನಲ್ಲಿ ಇದಕ್ಕೆ ಮುಳ್ಳಿನ ಗೇಜ್ ಇರುತ್ತದೆ. ಮುಳ್ಳು ಹಸಿರು ಪಟ್ಟಿಯಿಂದ ಇಳಿಯುತ್ತಿರುವುದು ಕಣ್ಣಿಗೆ ಕಾಣುತ್ತದೆ. ಕಾರುಗಳಲ್ಲಿ ಮುಳ್ಳು ತೆಗೆದು ದೀಪ ಇಟ್ಟರು. ರೈತನಿಗೆ ಕೊಟ್ಟ ಮಾಹಿತಿಯನ್ನು ಕಾರಿನವನಿಗೆ ಯಾಕೆ ಕೊಡಲಿಲ್ಲವೋ.

ಶನಿವಾರ ಒಂದು ವರ್ಕ್‌ಶಾಪಿಗೆ ಹೋದೆವು. ಹೆಸರು ಬೇಡ. ಹುಡುಗ ಸ್ಟಾರ್ಟ್ ಮಾಡಿಸಿದ, ಎರಡು ಸಲ ಆಕ್ಸಿಲರೇಟರ್ ಒತ್ತಿಸಿದ, ಕೈ ಒರೆಸಿಕೊಂಡು "ಬೇರಿಂಗ್ ಹೋಗೈತೆ ಅಣ್ಣ, ಎಂಜಿನ್ ಬಿಚ್ಬೇಕು" ಅಂದ. ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್, ಪಿಸ್ಟನ್ ರಿಂಗ್, ಹೆಡ್ ಕೆಲಸ, ಎಲ್ಲ ಸೇರಿ ನಲವತ್ತು ಸಾವಿರ. ಹತ್ತು ಹನ್ನೆರಡು ದಿನ. ಅಷ್ಟರಲ್ಲಿ ಮೂರು ಡಯಾಲಿಸಿಸ್ ಬರುತ್ತದೆ. ಗಾಡಿ ಮಾರಿದರೆ ಐವತ್ತು ಸಾವಿರ ಬಂದರೆ ಹೆಚ್ಚು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿದ ಮೇಲೆ ಹಳೇ ಗಾಡಿಗೆ ದುಡ್ಡು ಸುರಿಯುವುದೋ ಬಿಡುವುದೋ ಎಂಬ ಮಾತು ನಮ್ಮ ಮನೆಯಲ್ಲಿ ಆಗಲೇ ಒಮ್ಮೆ ನಡೆದಿತ್ತು. ಆಗ ಐದು ಸಾವಿರ ಕಟ್ಟಿದ್ದೆವು. ಈಗ ದೊಡ್ಡಮ್ಮನೇ "ಮಾರ್ಬಿಡ್ರಿ, ನಾನು ಬಸ್ಸಲ್ಲಿ ಬತ್ತೀನಿ" ಅಂದಳು. ಅವಳು ಹಾಗೆ ಅಂದ ಮೇಲೆ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಊರಲ್ಲಿ ಸಲಹೆಗಳಿಗೆ ಕೊರತೆಯಿರಲಿಲ್ಲ. ಒಬ್ಬರು ಗಟ್ಟಿ ಆಯಿಲ್ ಹಾಕು, ಸದ್ದು ನಿಲ್ಲುತ್ತೆ ಅಂದರು. ನಿಲ್ಲುತ್ತದೆ, ನಿಜ. ಸವೆದ ಭಾಗಗಳ ನಡುವಿನ ಸಂದಿಯಲ್ಲಿ ಗಟ್ಟಿ ಎಣ್ಣೆ ದಿಂಡಿನ ಹಾಗೆ ಕೂತು ಸದ್ದು ಅಡಗಿಸುತ್ತದೆ, ಒಳಗಿನ ಕಾರಣ ಹಾಗೇ ಇರುತ್ತದೆ. ಗಾಡಿ ಮಾರುವವರು ಮಾಡುವ ಕೆಲಸ ಅದು. ಇನ್ನೊಬ್ಬರು ಹಳೇ ಆಯಿಲ್ ಇಳಿಸಿ ಸೀಮೆಎಣ್ಣೆಯೋ ಡೀಸೆಲ್ಲೋ ಹಾಕಿ ಐದು ನಿಮಿಷ ಓಡಿಸಿ ತೊಳೆ ಅಂದರು. ಇದು ಇನ್ನೂ ಅಪಾಯ. ಹದಿನೈದು ಇಪ್ಪತ್ತು ವರ್ಷದ ಎಂಜಿನ್ ಒಳಗೆ ಕಪ್ಪು ಗಸಿ ಪದರ ಪದರವಾಗಿ ಅಂಟಿರುತ್ತದೆ. ಅದು ಒಂದೇ ಸಲ ಕಳಚಿಕೊಂಡರೆ ಎಣ್ಣೆ ಹೀರುವ ಬಾಯಿಗೇ ಬಂದು ಅಡರುತ್ತದೆ. ಜೊತೆಗೆ ಸೀಮೆಎಣ್ಣೆಗೆ ಬೇರಿಂಗನ್ನು ಎತ್ತಿ ಹಿಡಿಯುವ ಶಕ್ತಿಯಿಲ್ಲ.

ಪತ್ರಿಕೋದ್ಯಮದ ಕ್ಲಾಸಿನಲ್ಲಿ ಒಬ್ಬನ ಮಾತಿನ ಮೇಲೆ ಸುದ್ದಿ ಬರೆಯಬೇಡ, ಇನ್ನೊಬ್ಬನನ್ನು ಕೇಳು ಎಂದು ಹೇಳಿಕೊಟ್ಟಿದ್ದರಲ್ಲ. ನಲವತ್ತು ಸಾವಿರದ ಸುದ್ದಿಗೆ ಇನ್ನೊಬ್ಬ ಬೇಕೇ ಬೇಕಿತ್ತು. ಭಾನುವಾರ ಚಿಕ್ಕಪ್ಪನನ್ನು ಕರೆದುಕೊಂಡು ಶಿರಾದ ಒಬ್ಬ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎಪ್ಪತ್ತರ ಹತ್ತಿರದ ವಯಸ್ಸು. ಅವರು ಕೆಲಸ ಕಲಿತದ್ದು ಕಾರಿನ ಮೇಲಲ್ಲ, ಬಾವಿಯ ಡೀಸೆಲ್ ಪಂಪ್ ಎಂಜಿನ್ ಮೇಲೆ. ನಮ್ಮ ಕಡೆ ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ಹೊಲಹೊಲಕ್ಕೂ ಆ ಎಂಜಿನ್‌ಗಳು ಕುಟ್ಟುತ್ತಿದ್ದವು. ಬಾವಿಗಳು ಬತ್ತಿದವು, ಬೋರ್‌ವೆಲ್ ಬಂತು, ನೀರಿನೊಳಗೇ ಇಳಿಯುವ ಕರೆಂಟ್ ಮೋಟಾರ್ ಬಂತು. ಪಂಪ್ ಎಂಜಿನ್ ರಿಪೇರಿಯವರಿಗೆ ಕೆಲಸ ಹೋಯಿತು. ಭಾಯ್ ಜೀಪಿಗೆ ಬಂದರು, ಆಮೇಲೆ ಮಾರುತಿಗೆ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು 1988ರಲ್ಲಿ ಓಮ್ನಿ ಅಂತ ಹೆಸರು ಬದಲಾಯಿಸಿಕೊಂಡ ಈ ಗಾಡಿ 2019ರಲ್ಲಿ ನಿಲ್ಲುವವರೆಗೂ ಬಹುಪಾಲು ಒಂದೇ ಎಂಜಿನ್ ಹೊತ್ತುಕೊಂಡಿತ್ತು. 796 ಸಿಸಿ, ಮೂರು ಸಿಲಿಂಡರ್, ಮಾರುತಿ 800ರದ್ದೇ. ಅದನ್ನು ಕಲಿತವನಿಗೆ ಮೂವತ್ತು ವರ್ಷ ಅನ್ನ ಸಿಕ್ಕಿತು.

ಭಾಯ್ ಎಂಜಿನ್ ಮುಟ್ಟುವ ಮುಂಚೆ ಪ್ರಶ್ನೆ ಕೇಳಿದರು. ಸದ್ದು ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಎತ್ತರ ಹತ್ತುವಾಗಲೋ, ಕಾಲು ಬಿಟ್ಟಾಗಲೋ? ನಿಂತು ಹೊರಟ ಮೇಲೆ ಹೋಗುತ್ತದೋ? ಈಚೆಗೆ ಏನು ಬಿಚ್ಚಿಸಿದ್ದಿರಿ? ಆಯಿಲ್ ಎಲ್ಲಿಂದ ತಂದಿರಿ? ಚಿಕ್ಕಪ್ಪ ನಾಲ್ಕನೇ ಪ್ರಶ್ನೆಗೆ, ಜಾತ್ರೆಗೆ ಮುಂಚೆ ಕೆಳಗಡೆ ಆಯಿಲ್ ಸೋರುತ್ತಿತ್ತು, ಒಂದು ಕಡೆ ಕೊಟ್ಟು ಸರಿ ಮಾಡಿಸಿದೆ ಅಂದ. ಭಾಯ್ "ಹ್ಞೂಂ" ಅಂದರು, ಬೇರೇನೂ ಹೇಳಲಿಲ್ಲ.

ಆಮೇಲೆ ಉದ್ದದ ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಮರದ ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ತುದಿಯನ್ನು ಓಡುತ್ತಿರುವ ಎಂಜಿನ್‌ನ ಒಂದೊಂದೇ ಜಾಗಕ್ಕೆ ಇಟ್ಟರು. ಮೇಲಿನ ಕವರ್, ನಡುವಿನ ಬ್ಲಾಕ್, ಕೆಳಗಿನ ಆಯಿಲ್ ತೊಟ್ಟಿ. ನನಗೂ ಕೊಟ್ಟರು. ಮೇಲೆ ಇಟ್ಟಾಗ ಯಾರೋ ಕಿವಿಯೊಳಗೇ ಬಡಿಗೆಯಲ್ಲಿ ಹೊಡೆದಂತೆ ಕೇಳಿತು. ಕೆಳಗೆ ಇಟ್ಟಾಗ ಮಂದ.

"ಈಗ ನೋಡು" ಅಂತ ಮೊದಲನೇ ಸಿಲಿಂಡರಿನ ಪ್ಲಗ್ ವೈರ್ ಕಿತ್ತರು. ಎಂಜಿನ್ ಕುಂಟಿತು, ಆದರೆ ಟಕ್ ಟಕ್ ಹಾಗೇ ಇತ್ತು. ಎರಡನೆಯದು, ಮೂರನೆಯದು, ಒಂದೊಂದೇ ಕಿತ್ತು ಹಾಕಿದರು. ಸದ್ದು ಬದಲಾಗಲಿಲ್ಲ. ಇದರ ಲೆಕ್ಕ ಹೀಗೆ: ಪಿಸ್ಟನ್ ಕೋಲಿನ ಕೆಳಗಿನ ಬೇರಿಂಗ್ ಸವೆದಿದ್ದರೆ, ಪೆಟ್ರೋಲ್ ಉರಿದು ಪಿಸ್ಟನ್ನನ್ನು ಕೆಳಕ್ಕೆ ಗುದ್ದಿದಾಗ ಆ ಸಂದಿಯಲ್ಲಿ ಬಡಿತ ಹುಟ್ಟುತ್ತದೆ. ಪ್ಲಗ್ ವೈರ್ ಕಿತ್ತರೆ ಆ ಸಿಲಿಂಡರಿನಲ್ಲಿ ಬೆಂಕಿಯಿಲ್ಲ, ಗುದ್ದು ಇಲ್ಲ, ಸದ್ದು ತಗ್ಗಬೇಕು. ತಗ್ಗದಿದ್ದರೆ ಸದ್ದಿನ ಮೂಲ ಮೇಲೆ, ವಾಲ್ವ್ ಒತ್ತುವ ರಾಕರ್‌ಗಳಲ್ಲಿ ಇರುವ ಸಾಧ್ಯತೆ ಹೆಚ್ಚು. ಸದ್ದಿನ ವೇಗವೂ ಅದನ್ನೇ ಹೇಳುತ್ತಿತ್ತು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಮೇಲಿನ ಕ್ಯಾಮ್ ಒಂದು ಸುತ್ತು. ಅದಕ್ಕೇ ರಾಕರ್ ಸದ್ದು ಎಂಜಿನ್‌ನ ಓಟಕ್ಕಿಂತ ಸಾವಧಾನವಾಗಿ ಕೇಳುತ್ತದೆ.

"ಮೇಲಿನ ಸದ್ದು ಸರಿ, ಆದ್ರೆ ಮೇಲೆ ಯಾಕೆ?" ಅಂದರು ಭಾಯ್. ಎಣ್ಣೆ ಕೆಳಗಿನ ತೊಟ್ಟಿಯಿಂದ ಹೊರಟು, ಪಂಪ್, ಫಿಲ್ಟರ್, ಕ್ರ್ಯಾಂಕಿನ ಬೇರಿಂಗ್‌ಗಳು ಎಲ್ಲ ದಾಟಿ ಕೊನೆಗೆ ತಲುಪುವುದು ರಾಕರ್‌ಗಳಿಗೆ. ನಮ್ಮ ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇಮಾವತಿ ನೀರು ಕಳ್ಳಂಬೆಳ್ಳ, ಶಿರಾ ಕೆರೆಗೆ ಬಂದ ವರ್ಷವೂ ಮದಲೂರು ಕೆರೆಯವರು ಕಾಯುತ್ತಲೇ ಇದ್ದರು. 2020ರ ಶಿರಾ ಉಪಚುನಾವಣೆಯಲ್ಲಿ ಆ ಕೆರೆಯೇ ದೊಡ್ಡ ಮಾತಾಗಿತ್ತು. ನೀರು ಕಡಿಮೆಯಾದರೆ ಮೊದಲು ಕೂಗುವವನು ಕಾಲುವೆಯ ಕೊನೆಯವನು. ಅವನ ಹೊಲದಲ್ಲಿ ತಪ್ಪಿದೆ ಎಂದು ಅವನ ಹೊಲ ಅಗೆದರೆ ಏನೂ ಸಿಗುವುದಿಲ್ಲ.

ದೀಪದ ವೈರ್ ಕಿತ್ತು ದೀಪ ಸರಿಯಿದೆಯಾ ನೋಡಿದರು. ಸರಿಯಿತ್ತು. ಆಮೇಲೆ ಆ ಸ್ವಿಚ್ಚನ್ನೇ ಬಿಚ್ಚಿ, ಅದೇ ತೂತಿಗೆ ರಬ್ಬರ್ ಪೈಪ್ ಇದ್ದ ಒಂದು ಮುಳ್ಳಿನ ಗೇಜ್ ತಿರುಗಿಸಿ ಹಾಕಿದರು. ಇಷ್ಟಕ್ಕೆ ಹದಿನೈದು ನಿಮಿಷ. ಶನಿವಾರದ ವರ್ಕ್‌ಶಾಪಿನಲ್ಲಿ ಈ ಗೇಜ್ ಇರಲಿಲ್ಲವೆಂದಲ್ಲ, ಇದ್ದಿರಬಹುದು. ತೆಗೆಯಲಿಲ್ಲ, ಅಷ್ಟೇ.

ತಣ್ಣಗಿನ ಎಂಜಿನ್ ಸ್ಟಾರ್ಟ್ ಆದಾಗ ಮುಳ್ಳು ನಲವತ್ತಕ್ಕೆ ಬಂತು. ಇಪ್ಪತ್ತು ನಿಮಿಷ ಓಡಿಸಿ ಬಿಸಿ ಮಾಡಿದೆವು. ಬಿಸಿಯಾದ ಎಣ್ಣೆ ತೆಳುವಾಗುತ್ತದೆ, ಮುಳ್ಳು ಇಳಿಯುವುದು ಸಹಜ. ಹದಿಮೂರಕ್ಕೆ ನಿಂತಿತು. ಇಲ್ಲಿಯವರೆಗೆ ನೋಡಿದರೆ ಬೇರಿಂಗ್ ಸವೆದಿದೆ ಅನ್ನಬಹುದು, ಯಾಕೆಂದರೆ ಪಂಪ್ ಎಣ್ಣೆ ತಳ್ಳುತ್ತದೆ ಅಷ್ಟೇ, ಒತ್ತಡ ಹುಟ್ಟುವುದು ಆ ಎಣ್ಣೆಗೆ ಸಿಗುವ ಅಡ್ಡಿಯಿಂದ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಇಟ್ಟರೆ ನೀರು ಚಿಮ್ಮುವಂತೆ. ಬೇರಿಂಗ್ ಸಂದಿ ದೊಡ್ಡದಾದರೆ ಹೆಬ್ಬೆರಳು ಸಡಿಲವಾದಂತೆ. ಆದರೆ ಹಾಗೆ ಸವೆದ ಎಂಜಿನ್‌ಗೆ ವೇಗ ಕೊಟ್ಟರೆ ಪಂಪ್ ಜೋರಾಗಿ ತಿರುಗಿ ಒತ್ತಡ ಏರಬೇಕು, ಏರಿದ್ದು ನಿಲ್ಲಬೇಕು. ಸಾವಿರ ಸುತ್ತಿಗೆ ಹತ್ತು ಪಿಎಸ್ಐ ಇದ್ದರೆ ಚಿಂತೆಯಿಲ್ಲ ಎಂಬುದು ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕ.

ಭಾಯ್ ವೇಗ ಕೊಟ್ಟರು. ಮುಳ್ಳು ಮೂವತ್ತಕ್ಕೆ ಏರಿತು. ವೇಗ ಹಾಗೇ ಹಿಡಿದರು. ಅರ್ಧ ನಿಮಿಷ ಕಳೆದಿರಬೇಕು, ಮುಳ್ಳು ಇಳಿಯತೊಡಗಿತು. ಇಪ್ಪತ್ತು, ಹದಿನೈದು, ಎಂಟು. ಟಕ್ ಟಕ್ ಶುರುವಾಯಿತು. ತಕ್ಷಣ ಆಫ್ ಮಾಡಿದರು. ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿದರು. ಮುಳ್ಳು ಮತ್ತೆ ಮೂವತ್ತು. ಮತ್ತೆ ಅರ್ಧ ನಿಮಿಷ, ಮತ್ತೆ ಇಳಿತ.

"ನಿಮ್ಮೂರಾಗೆ ಬೋರ್ ಐತಲ್ಲ?" ಅಂದರು ಚಿಕ್ಕಪ್ಪನಿಗೆ. "ಮೋಟ್ರು ಹಾಕಿದ ತಕ್ಷಣ ನೀರು ಬತ್ತೈತೆ, ಆಮ್ಯಾಕೆ ಗಾಳಿ ಉಗುಳ್ತೈತೆ. ಒಂದು ಗಂಟೆ ನಿಲ್ಸಿ ಹಾಕಿದ್ರೆ ಮತ್ತೆ ಬತ್ತೈತೆ. ಮೋಟ್ರು ಕೆಟ್ಟೈತಾ? ಪೈಪು ಒಡೆದೈತಾ?"

ಚಿಕ್ಕಪ್ಪ ಜೀವಮಾನವಿಡೀ ಮೋಟಾರ್ ಹಾಕಿ ನಿಲ್ಲಿಸಿ ಮಾಡಿದವನು. "ಇಲ್ಲ, ಕೆಳಗೆ ನೀರು ಊರ್ತಾ ಇಲ್ಲ" ಅಂದ.

"ಇಲ್ಲೂ ಅಷ್ಟೇ. ತೊಟ್ಟಿ ತುಂಬಾ ಎಣ್ಣೆ ಐತೆ, ಬಾಯಿಗೆ ಬತ್ತಿಲ್ಲ."

ಆಯಿಲ್ ತೊಟ್ಟಿಯ ತಳದಲ್ಲಿ ಮುಳುಗಿರುವ ಹೀರುಗೊಳವೆಯ ತುದಿಗೆ ಒಂದು ತಂತಿ ಜಾಲರಿ ಇರುತ್ತದೆ, ಸ್ಟ್ರೈನರ್. ಅದಕ್ಕೆ ಏನಾದರೂ ಅಡ್ಡ ಬಂದರೆ, ಎಂಜಿನ್ ಜೋರಾಗಿ ಎಳೆದಷ್ಟೂ ಅದು ಜಾಲರಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ನಿಂತರೆ ಎಳೆತ ನಿಂತು ಅದು ಕೆಳಗೆ ಬೀಳುತ್ತದೆ. ಅದಕ್ಕೇ ಊರೊಳಗೆ ಏನೂ ಇಲ್ಲದೆ ಹೈವೇಯಲ್ಲಿ ಮಾತ್ರ ದೀಪ ಹತ್ತಿದ್ದು. ಅದಕ್ಕೇ ಹತ್ತು ನಿಮಿಷ ನಿಲ್ಲಿಸಿದರೆ ಸರಿಹೋಗಿದ್ದು.

ತೊಟ್ಟಿ ಇಳಿಸುವ ಮುಂಚೆ ಇನ್ನೊಂದು ಕೆಲಸ ಮಾಡಿದರು. ಆಯಿಲ್ ಫಿಲ್ಟರ್ ಬಿಚ್ಚಿ, ಡಬ್ಬವನ್ನು ಗರಗಸದಲ್ಲಿ ಕೊಯ್ದು, ಒಳಗಿನ ಮಡಿಕೆ ಕಾಗದವನ್ನು ಎಳೆದು ಬಿಸಿಲಿಗೆ ಹಿಡಿದರು. ಬೇರಿಂಗ್ ಸವೆದಿದ್ದರೆ ಇಲ್ಲಿ ಜರಿ ಸೀರೆಯ ಅಂಚಿನ ಹಾಗೆ ಮಿನುಗುತ್ತದಂತೆ. ಕಪ್ಪು ಬಿಟ್ಟು ಏನೂ ಕಾಣಲಿಲ್ಲ. ಅಯಸ್ಕಾಂತ ಆಡಿಸಿದರು, ಅದಕ್ಕೂ ಏನೂ ಅಂಟಲಿಲ್ಲ. ಬೇರಿಂಗಿನ ಚೂರು ಎಲ್ಲ ಸಲವೂ ಅಯಸ್ಕಾಂತಕ್ಕೆ ಬರುವುದಿಲ್ಲ, ಅದಕ್ಕೇ ಬಿಸಿಲಿನ ಪರೀಕ್ಷೆ ಮೊದಲು.

ಮಧ್ಯಾಹ್ನ ಊಟವಾದ ಮೇಲೆ ಗಾಡಿಯ ಕೆಳಗೆ ಮಲಗಿ ತೊಟ್ಟಿ ಇಳಿಸಿದರು. ಅದರ ಅಂಚಿನ ಸುತ್ತ ಕೆಂಪು ಸಿಲಿಕಾನ್ ಪೇಸ್ಟ್, ದೋಸೆ ಹಿಟ್ಟು ಬಳಿದ ಹಾಗೆ. ಜಾತ್ರೆಗೆ ಮುಂಚೆ ಸೋರಿಕೆ ನಿಲ್ಲಿಸಿದವರು ಗ್ಯಾಸ್ಕೆಟ್ ಬದಲು ಪೇಸ್ಟನ್ನೇ ನಂಬಿದ್ದರು. ಹೊರಗೆ ಉಬ್ಬಿದ್ದು ಒಳಗೂ ಉಬ್ಬಿರಲೇಬೇಕಲ್ಲ. ಒಳಗಡೆ ಉಬ್ಬಿದ ಪೇಸ್ಟ್ ಬಿಸಿ ಎಣ್ಣೆಯಲ್ಲಿ ಕಳಚಿ, ಶಾವಿಗೆಯಂಥ ಎಳೆಗಳಾಗಿ ಸ್ಟ್ರೈನರ್ ಸುತ್ತ ಸುತ್ತಿಕೊಂಡಿತ್ತು. ಎಳೆಗಳಿಗೆ ಕಪ್ಪು ಗಸಿ ಮೆತ್ತಿಕೊಂಡು ಜಾಲರಿಯ ಮುಕ್ಕಾಲು ಭಾಗ ಮುಚ್ಚಿತ್ತು. ಭಾಯ್ ಅದನ್ನು ಚಿಮುಟದಲ್ಲಿ ಎತ್ತಿ ಚಿಕ್ಕಪ್ಪನ ಅಂಗೈ ಮೇಲೆ ಇಟ್ಟರು. ಒಂದು ಹಿಡಿಯೂ ಇರಲಿಲ್ಲ.

ತೊಟ್ಟಿ ಹೇಗೂ ಇಳಿದಿತ್ತಾದ್ದರಿಂದ ಒಂದು ಪಿಸ್ಟನ್ ಕೋಲಿನ ಕ್ಯಾಪ್ ಬಿಚ್ಚಿ ಬೇರಿಂಗ್ ತೋರಿಸಿದರು. ಬೂದು ಬಣ್ಣದ ನುಣುಪು ಪದರ, ಉಗುರಿಗೆ ಸಿಗದಷ್ಟು ತೆಳುವಾದ ಗೆರೆಗಳು. ಮೇಲಿನ ಪದರ ಸವೆದು ಅಡಿಯ ಬಣ್ಣ ಕಂಡಿದ್ದರೆ ನಲವತ್ತು ಸಾವಿರದ ಮಾತು ನಿಜವಾಗುತ್ತಿತ್ತು. ಇನ್ನೊಂದು ತಿಂಗಳು ಹೀಗೇ ಓಡಿಸಿದ್ದರೂ ಆಗುತ್ತಿತ್ತು ಎಂದು ಅವರೇ ಹೇಳಿದರು. ಮೇಲಿನ ಕವರ್ ತೆಗೆದಾಗ ಮೂರನೇ ಸಿಲಿಂಡರಿನ ಒಂದು ರಾಕರ್ ಮಾತ್ರ ಮುಖ ಕೆರೆಸಿಕೊಂಡಿತ್ತು.

ಸ್ಟ್ರೈನರ್ ಪೆಟ್ರೋಲಿನಲ್ಲಿ ತೊಳೆದು, ಅಂಚುಗಳ ಹಳೇ ಪೇಸ್ಟ್ ಕೆರೆದು, ಹೊಸ ಗ್ಯಾಸ್ಕೆಟ್ ಇಟ್ಟು ಬೋಲ್ಟ್ ಬಿಗಿದರು. ಬೇಕಾದ ಕಡೆ ನೂಲಿನಷ್ಟು ಪೇಸ್ಟ್ ಮಾತ್ರ. ಹೊಸ ಫಿಲ್ಟರ್. ರಾಕರ್‌ಗಳ ಸಂದಿಯನ್ನು ಫೀಲರ್ ಗೇಜ್ ಇಟ್ಟು ಸರಿಮಾಡಿದರು. ಸುಮಾರು ಮೂರು ಲೀಟರ್ 20ಡಬ್ಲ್ಯು-40 ಆಯಿಲ್, ಸೀಲ್ ಇದ್ದ ಡಬ್ಬದ್ದು. ಲೂಸ್ ಆಯಿಲ್ ಅವರ ಅಂಗಡಿಗೆ ಬರುವುದಿಲ್ಲ. ಆ ಸಂಖ್ಯೆಯಲ್ಲಿ ಡಬ್ಲ್ಯು ಅಂದರೆ ಚಳಿಗಾಲ. ಮೊದಲನೆಯದು ತಣ್ಣಗಿದ್ದಾಗ ಹರಿಯುವ ಗುಣ, ಎರಡನೆಯದು ಬಿಸಿಯಾದಾಗ ಉಳಿಯುವ ಗಟ್ಟಿತನ. ಹೊಸ ಕಾರಿಗೆ ಹೇಳಿದ 5ಡಬ್ಲ್ಯು-30 ತಂದು ಇಂಥ ಹಳೇ ಎಂಜಿನ್‌ಗೆ ಹಾಕಿದರೆ ನಮ್ಮ ಮೇ ತಿಂಗಳ ಬಿಸಿಲಿಗೆ ಮುಳ್ಳು ಇನ್ನೂ ಕೆಳಗೆ ನಿಲ್ಲುತ್ತದೆ. ದುಬಾರಿಯಾದದ್ದೆಲ್ಲ ಒಳ್ಳೆಯದು ಅನ್ನುವವರು ಇದನ್ನು ಒಪ್ಪುವುದಿಲ್ಲ.

ಸ್ಟಾರ್ಟ್ ಮಾಡುವ ಮುಂಚೆ ಮೂರೂ ಪ್ಲಗ್ ಬಿಚ್ಚಿ ಸೆಲ್ಫ್ ಹೊಡೆಸಿದರು. ಬೆಂಕಿಯಿಲ್ಲದೆ, ಭಾರವಿಲ್ಲದೆ ಎಂಜಿನ್ ತಿರುಗಿ ಎಣ್ಣೆ ಮೇಲಿನ ರಾಕರ್‌ವರೆಗೂ ಹತ್ತಲಿ ಎಂದು. ಮುಳ್ಳು ಅಲುಗಾಡಿದ್ದು ಕಂಡ ಮೇಲೆಯೇ ಪ್ಲಗ್ ಹಾಕಿದ್ದು. ಬಿಸಿಯಾದಾಗ ನಿಂತಲ್ಲಿ ಹತ್ತೊಂಬತ್ತು, ವೇಗ ಕೊಟ್ಟಾಗ ನಲವತ್ತೈದು. ಐದು ನಿಮಿಷ ವೇಗ ಹಿಡಿದರೂ ಮುಳ್ಳು ಇಳಿಯಲಿಲ್ಲ.

ಸಾಮಾನು, ಆಯಿಲ್, ಕೂಲಿ ಎಲ್ಲ ಸೇರಿ ಮೂರು ಸಾವಿರದ ಇನ್ನೂರು. ಚಿಕ್ಕಪ್ಪ ಇನ್ನೂ ಆರುನೂರು ಸೇರಿಸಿ ಒಂದು ಮುಳ್ಳಿನ ಗೇಜ್ ಕಾಯಮ್ಮಾಗಿ ಹಾಕಿಸಿದ. ಸ್ಟೀರಿಂಗ್ ಪಕ್ಕ, ದೇವರ ಫೋಟೋದ ಕೆಳಗೆ. ಇಡೀ ಎಂಜಿನ್ ಬಿಚ್ಚಿದ್ದರೆ ಭಾಯ್‌ಗೂ ದುಡ್ಡಾಗುತ್ತಿತ್ತಲ್ಲ ಎಂದು ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ, ಕೆರೆಸಿಕೊಂಡ ರಾಕರ್ ಬಗ್ಗೆ ಮಾತಾಡಿದರು. ಅದು ಸ್ವಲ್ಪ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ಅದಕ್ಕೆ ಹೆದರಬೇಡಿ, ಅದು ಜೋರಾದರೆ ಬನ್ನಿ, ಮುಳ್ಳು ಇಳಿದರೆ ಗಾಡಿ ಅಲ್ಲೇ ಬಿಟ್ಟು ಫೋನ್ ಮಾಡಿ ಅಂದರು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ಕಳ್ಳಂಬೆಳ್ಳ ದಾಟುವಾಗ ಚಿಕ್ಕಪ್ಪನ ಕಣ್ಣು ರಸ್ತೆಗಿಂತ ಗೇಜಿನ ಮೇಲೇ ಹೆಚ್ಚಿತ್ತು, ನಾನು ಎರಡು ಸಲ ಗದರಿದೆ. ನಲವತ್ತಮೂರು. ದೊಡ್ಡಮ್ಮ ಹಿಂದಿನಿಂದ "ಎಷ್ಟೈತ್ಲಾ?" ಅಂತ ಕೇಳಿದಳು. ಈಗ ಅವಳಿಗೂ ಅದೊಂದು ಅಭ್ಯಾಸವಾಗಿಬಿಟ್ಟಿದೆ. ಆಸ್ಪತ್ರೆಯಲ್ಲಿ ನರ್ಸ್ ಅವಳ ಬಿಪಿ ಓದಿ ಹೇಳುತ್ತಾಳೆ, ದಾರಿಯಲ್ಲಿ ಅವಳು ನಮ್ಮ ಕೈಲಿ ಗಾಡಿಯದ್ದು ಓದಿಸುತ್ತಾಳೆ.